ಆರು ಮೀಟರಿನಲ್ಲಿ ಹನ್ನೊಂದು ನಿಮಿಷ

"ನಿಮ್ಮ ಸಿಲಿಂಡರ್‌ನಲ್ಲಿ ಗಾಳಿ ಎಷ್ಟಿದೆ, ನೋಡಿಕೊಂಡ್ರಾ?" ಮೇಷ್ಟ್ರು ಕೇಳಿದ.

ನಿಮ್ಮ ಅಂತೆ! ನೋಡಿಕೊಂಡ್ರಾ ಅಂತೆ! ಹೋದ ವರ್ಷದವರೆಗೂ "ಏಯ್, ಗಾಳಿ ನೋಡಿದ್ಯೇನೇ?" ಅಂತಿದ್ದ ಬಾಯಿ ಅದು. ನನಗೆ ಮೈಯೆಲ್ಲ ಉರಿದುಹೋಯ್ತು.

"ತುಂಬಾ ಇದೆ ಸ್ವಾಮಿ, ಎಲ್ಲ ತಮ್ಮ ದಯೆ," ಅಂದೆ.

ಅವನು ನಗಲಿಲ್ಲ. ನನ್ನ ಬೆನ್ನ ಹಿಂದೆ ಬಂದು ಸಿಲಿಂಡರಿನ ಪಟ್ಟಿ ಬಿಗಿಯಾಗಿದೆಯಾ ಅಂತ ಎಳೆದು ನೋಡಿದ. ಇನ್ನೊಂದು ಸಲ ನೋಡಿದ. ಮತ್ತೂ ಒಂದು ಸಲ ನೋಡಿದ. ಯಾವುದನ್ನೇ ಆಗಲಿ ಮೂರು ಸಲ ನೋಡದಿದ್ರೆ ಅವನಿಗೆ ಸಮಾಧಾನ ಇಲ್ಲ. ಮನೆ ಬೀಗ ಹಾಕಿದರೂ ಮೂರು ಸಲ ಎಳೆದು ನೋಡೋ ಜಾತಿ.

ಮೇಷ್ಟ್ರು ಅಂದ ತಕ್ಷಣ ನರೆತ ಮೀಸೆ, ಕೈಯಲ್ಲಿ ಕೋಲು ಅಂತೆಲ್ಲ ಅಂದುಕೊಳ್ಳಬೇಡಿ. ನನಗಿಂತ ಎರಡೇ ವರ್ಷ ದೊಡ್ಡವನು. ಶಾಲೆಯಲ್ಲಿ ಲೆಕ್ಕ ಹೇಳಿಕೊಡ್ತಾನೆ, ಅದಕ್ಕೇ ನಮ್ಮ ಡೈವಿಂಗ್ ಕ್ಲಬ್ಬಿನಲ್ಲಿ ಅವನು ಮೇಷ್ಟ್ರು. ಬೋರ್ಡಿನ ಮೇಲೆ ಎಷ್ಟು ಒತ್ತಿ ಬರೀತಾನೆ ಅಂದ್ರೆ, ಒಂದು ಪೀರಿಯಡ್ ಮುಗಿಯೋ ಹೊತ್ತಿಗೆ ನಾಲ್ಕು ಸೀಮೆಸುಣ್ಣ ಮುರಿದಿರ್ತಾನಂತೆ.

ನಾನು ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ನಿಂತುಹೋದಾಗ ಹೋಗಿ, ಒಳಗೆ ಸಿಕ್ಕಿಕೊಂಡವರನ್ನ ಸಮಾಧಾನ ಮಾಡಿ ಹೊರಗೆ ತೆಗೆಯೋದು ನನ್ನ ಕೆಲಸ. "ವಾರವೆಲ್ಲ ಲಿಫ್ಟಿನ ಗುಂಡಿಗೆ ಇಳೀತಾಳೆ, ಭಾನುವಾರ ಸಮುದ್ರಕ್ಕೆ ಇಳೀತಾಳೆ. ಮದುವೆಮಂಟಪದ ಎರಡು ಮೆಟ್ಟಿಲು ಹತ್ತು ಅಂದ್ರೆ ಮಾತ್ರ ಕಾಲು ನೋವು," ಅಂತ ನಮ್ಮಮ್ಮ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ಗೋಳಾಡ್ತಾ ಇರ್ತಾಳೆ.

ಪಾಪ, ಅಮ್ಮನಿಗೆ ಗೊತ್ತಿಲ್ಲ. ಆ ಮೆಟ್ಟಿಲನ್ನ ಯಾರ ಜೊತೆ ಹತ್ತಬೇಕು ಅಂತ ನಾನು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದೆ. ಅವನೇ ಈಗ ನನ್ನನ್ನ 'ನೀವು' ಅಂತಿರೋನು.

"ಎಲ್ಲರೂ ಈ ಕಡೆ ಕೇಳಿ," ಅಂತ ಅಕ್ಕ ದೋಣಿಯ ಮುಂಭಾಗದಲ್ಲಿ ಚಪ್ಪಾಳೆ ತಟ್ಟಿದಳು. ಅಕ್ಕ ನಮ್ಮ ಲೀಡರ್, ವಾರದ ದಿನಗಳಲ್ಲಿ ಕಣ್ಣಾಸ್ಪತ್ರೆಯಲ್ಲಿ ನರ್ಸ್. ದೋಣಿ ನಡೆಸೋನು ಅವಳ ಗಂಡ. ಅವಳು ಎಲ್ಲರಿಗೂ ಅಕ್ಕ ಆದ್ದರಿಂದ ಅವನು ಎಲ್ಲರಿಗೂ ಭಾವ. ಇವರ ಜೊತೆಗೆ ಡೆಂಟಿಸ್ಟ್ ಗಂಡ ಹೆಂಡತಿ. ಇಷ್ಟೇ ನಮ್ಮ ತಂಡ.

"ಹಡಗು ಮೂವತ್ತೆಂಟು ಮೀಟರ್ ಆಳದಲ್ಲಿದೆ. ಕೆಳಗೆ ಇಪ್ಪತ್ತು ನಿಮಿಷ, ಒಂದು ಸೆಕೆಂಡೂ ಜಾಸ್ತಿ ಇಲ್ಲ. ವಾಪಸ್ ಬರುವಾಗ ಆರು ಮೀಟರಿನಲ್ಲಿ ಹಗ್ಗ ಹಿಡ್ಕೊಂಡು ಹನ್ನೊಂದು ನಿಮಿಷ ನಿಲ್ಲಬೇಕು, ಮೈಯೊಳಗೆ ಸೇರಿಕೊಂಡ ಗಾಳಿ ನಿಧಾನವಾಗಿ ಹೊರಗೆ ಹೋಗಲಿ. ಡೆಂಟಿಸ್ಟರಿಬ್ಬರೂ ನನ್ನ ಜೊತೆ. ಮೇಷ್ಟ್ರು, ನೀನು ಇವಳ ಜೋಡಿ."

"ನಾನು ಬೇರೆ ಯಾರ ಜೊತೆಗಾದ್ರೂ..." ಅಂತ ಅವನು ಶುರು ಮಾಡಿದ.

"ಇದೇ ನಿನ್ನ ಕೊನೇ ಡೈವ್ ಅಂತ ನೀನೇ ಹೇಳಿದ್ದೀಯ. ಕೊನೇ ದಿನ ಜೋಡಿ ಬದಲಾಯಿಸೋದೆಲ್ಲ ಬೇಡ," ಅಂತ ಅಕ್ಕ ಮಾತು ಮುಗಿಸಿದಳು.

ಹೌದು, ಕೊನೇ ಡೈವ್. ದೂರದ ಊರಿನ ಶಾಲೆಗೆ ವರ್ಗ ಕೇಳಿದ್ದ, ಸಿಕ್ಕಿತ್ತು. ಸೋಮವಾರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಮುಗೀತು. ಆ ಊರಿಂದ ಸಮುದ್ರಕ್ಕೆ ಬರಬೇಕಾದ್ರೆ ರೈಲಿನಲ್ಲಿ ಒಂದು ದಿನ ಬೇಕು. ನೀರೊಳಗೆ ಬರೆಯೋ ತನ್ನ ಸ್ಲೇಟು, ಟಾರ್ಚು, ಚಾಕು ಎಲ್ಲವನ್ನೂ ಆಗಲೇ ಕ್ಲಬ್ಬಿಗೆ ಬಿಟ್ಟುಕೊಟ್ಟು, ಇವತ್ತು ಕೈಬೀಸಿಕೊಂಡು ಬಂದಿದ್ದ.

ಆವತ್ತು ಭಾನುವಾರ. ನನ್ನ ಹತ್ತಿರ ಉಳಿದಿದ್ದು ಒಂದೇ ದಿನ. ಯಾಕೋ ಹೀಗಾದೆ ಅಂತ ಕೇಳಬೇಕು, ಕೇಳೋಕೆ ಜಂಬ ಬಿಡಲ್ಲ.

*

ನಮ್ಮಿಬ್ಬರದು ವಿಚಿತ್ರ ಸ್ನೇಹ. ನೆಲದ ಮೇಲೆ ಇದ್ದರೆ ಜಗಳ. ನಾನು ಮಾತಿನ ಮಲ್ಲಿ, ಅವನು ಒಂದು ವಾಕ್ಯ ಹೇಳೋಕೆ ಮೂರು ಸಲ ಯೋಚಿಸೋನು. ಅವನು ಬಾಯಿ ತೆರೆಯೋ ಹೊತ್ತಿಗೆ ಅವನ ಉತ್ತರವನ್ನೂ ನಾನೇ ಹೇಳಿ, ಅದಕ್ಕೆ ಬೈದೂ ಆಗಿರುತ್ತೆ.

ಆದರೆ ಆರು ಮೀಟರಿನಲ್ಲಿ ಹಾಗಲ್ಲ. ಅಲ್ಲಿ ಬಾಯಲ್ಲಿ ಉಸಿರಾಡೋ ನಳಿಕೆ ಕಚ್ಚಿರ್ತೀವಿ, ಮಾತಿಲ್ಲ. ಮುಖದ ಮೇಲೆ ಮಾಸ್ಕು. ಕಾಣೋದು ಕಣ್ಣು ಮಾತ್ರ. ಹಗ್ಗ ಹಿಡ್ಕೊಂಡು ಎದುರುಬದುರು ತೂಗಾಡ್ತಾ, ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಪೆನ್ಸಿಲಿನಲ್ಲಿ ಏನಾದ್ರೂ ಗೀಚಿ ತೋರಿಸಬೇಕು. ಮೇಷ್ಟ್ರು ಅಲ್ಲಿ ಎಷ್ಟು ತಮಾಷೆಯ ಮನುಷ್ಯ ಅಂತೀರಿ! ನನ್ನ ಮಾಸ್ಕಿನೊಳಗಿನ ಮೂಗನ್ನ ಆಲೂಗಡ್ಡೆ ಥರ ಬರೆದು ತೋರಿಸ್ತಿದ್ದ. ನಾನು ಬೈದು ಬರೆದರೆ, ನನ್ನ ಕಾಗುಣಿತದ ತಪ್ಪಿಗೆ ಸುತ್ತು ಹಾಕಿ ಹತ್ತಕ್ಕೆ ನಾಲ್ಕು ಮಾರ್ಕು ಕೊಡ್ತಿದ್ದ. ಒಂದೊಂದು ಸಲ ಇಬ್ಬರೂ ಏನೂ ಬರೀತಿರಲಿಲ್ಲ. ಅವನು ನೋಡೋನು, ನಾನು ಮೀನು ನೋಡೋ ಹಾಗೆ ನಟಿಸೋಳು, ಆಮೇಲೆ ನಾನು ನೋಡಿದಾಗ ಅವನಿಗೆ ಹಠಾತ್ತನೆ ಹಗ್ಗದ ಮೇಲೆ ಆಸಕ್ತಿ ಹುಟ್ಟೋದು. ಗಾಜಿನ ಹಿಂದೆ ಅವನ ಕಣ್ಣು ನಗ್ತಿದ್ದದ್ದು ನನಗೆ ಚೆನ್ನಾಗಿ ಕಾಣ್ತಿತ್ತು.

ಹೋದ ವರ್ಷವೂ ಇದೇ ಹಡಗಿಗೆ ಬಂದಿದ್ದೆವು. ಇದು ಹಳೇ ಪ್ರಯಾಣಿಕರ ಹಡಗು. ಬಿರುಗಾಳಿಗೆ ಸಿಕ್ಕಿ ಮುಳುಗಿದ್ದು, ಜನರೆಲ್ಲ ಬದುಕಿದರಂತೆ. ಇದರೊಳಗೆ ಒಂದು ಲಿಫ್ಟ್ ಇದೆ, ಕಬ್ಬಿಣದ ಜಾಲರಿ ಬಾಗಿಲಿನ ಹಳೇ ಕಾಲದ ಲಿಫ್ಟ್! ಅದನ್ನ ನೋಡಬೇಕು ಅಂತ ನಾನು ಎರಡು ವರ್ಷದಿಂದ ಎಲ್ಲರ ತಲೆ ತಿಂದಿದ್ದೆ. ಆವತ್ತು ನೀರಿನ ಸೆಳೆತ ಜೋರಿತ್ತು, ಅರ್ಧ ದಾರಿಯಲ್ಲೇ ವಾಪಸಾದೆವು. ಆರು ಮೀಟರಿನಲ್ಲಿ ನನ್ನ ಮುಖ ನೋಡಿ ಮೇಷ್ಟ್ರಿಗೆ ಏನನ್ನಿಸಿತೋ, ನನ್ನ ಸ್ಲೇಟು ಕಿತ್ಕೊಂಡು ಬರೆಯೋಕೆ ಕೂತ. ಬರೆದ, ಬರೆದ, ನಾಲ್ಕು ನಿಮಿಷ ಬರೆದ. ಕೊಟ್ಟಾಗ ನೋಡಿದರೆ ಒಂದೇ ಸಾಲು: "ಮುಂದಿನ ಸಲ ಲಿಫ್ಟ್ ತೋರಿಸ್ತೀನಿ. ಪ್ರಾಮಿಸ್." ಇಷ್ಟಕ್ಕೆ ನಾಲ್ಕು ನಿಮಿಷವಾ ಅಂತ ನಗು ಬಂದಿತ್ತು.

ಅದೇ ಕೊನೆ. ಆವತ್ತು ದೋಣಿಯಿಂದ ಇಳಿಯೋ ಹೊತ್ತಿಗೆ ಅವನು ಬದಲಾಗಿಬಿಟ್ಟಿದ್ದ. ಮಾತಿಲ್ಲ, ಮೆಸೇಜಿಲ್ಲ, ಕ್ಲಬ್ಬಿಗೆ ಬಂದರೂ 'ನೀವು, ತಾವು'. ನಾನೇನು ತಪ್ಪು ಮಾಡಿದೆ ಅಂತ ತಲೆ ಕೆರೆದು ಕೆರೆದು ಸಾಕಾಯ್ತು. ಮೂರು ತಿಂಗಳು ಅತ್ತೆ. ಆಮೇಲೆ ಸಿಟ್ಟು ಬಂತು. ಅಳೋದಕ್ಕಿಂತ ಸಿಟ್ಟೇ ಹಿತವಾಗಿತ್ತು.

*

ಹಗ್ಗ ಹಿಡ್ಕೊಂಡು ಒಬ್ಬರ ಹಿಂದೆ ಒಬ್ಬರು ಇಳಿದೆವು. ಹತ್ತು ಮೀಟರಿಗೊಮ್ಮೆ ಮೇಷ್ಟ್ರು ತಿರುಗಿ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸ್ತಿದ್ದ. ನಮ್ಮಲ್ಲಿ ಅದು 'ಎಲ್ಲ ಸರಿಯಾ?' ಅಂತ ಕೇಳೋ ರೀತಿ. ಸರಿ ಇದ್ದರೆ ತಿರುಗಿ ಅದೇ ಸೊನ್ನೆ ತೋರಿಸಬೇಕು. ನಾನು ತೋರಿಸ್ತಿದ್ದೆ. ಅವನು ಮತ್ತೆ ಕೇಳೋನು. ಮತ್ತೆ ಕೇಳೋನು. ಮೂರು!

ಬಣ್ಣಗಳೆಲ್ಲ ಒಂದೊಂದಾಗಿ ಮಾಯವಾಗಿ ನೀಲಿ ಮಾತ್ರ ಉಳೀತು. ಆಮೇಲೆ ಆ ನೀಲಿಯೊಳಗಿಂದ ಹಡಗು ಕಾಣಿಸಿತು. ಅಬ್ಬಾ, ಎಷ್ಟು ದೊಡ್ಡದು! ಮೇಲಿನ ಹಲಗೆಗಳೆಲ್ಲ ಕೊಳೆತು ಹೋಗಿ ಒಳಭಾಗ ಮೇಲಕ್ಕೆ ತೆರೆದಿತ್ತು. ಮೇಷ್ಟ್ರು ನನ್ನ ಕೈ ಮುಟ್ಟಿ ಮುಂದೆ ತೋರಿಸಿದ. ಮುರಿದ ಮೆಟ್ಟಿಲುಗಳ ಪಕ್ಕದಲ್ಲಿ, ಜಾಲರಿ ಬಾಗಿಲು ಅರ್ಧ ತೆರೆದು, ನನ್ನ ಲಿಫ್ಟು ನಿಂತಿತ್ತು.

ಮಾತು ಕೊಟ್ಟಿದ್ದ, ತೋರಿಸಿದ. ಅದಕ್ಕೋಸ್ಕರವೇ ಈ ಕೊನೇ ಡೈವಿಗೆ ಬಂದಿದ್ದ ಅಂತ ನನಗೆ ಆಗ ಹೊಳೀತು. ಸಿಟ್ಟೆಲ್ಲ ಎಲ್ಲಿ ಹೋಯ್ತೋ.

ಲಿಫ್ಟಿನೊಳಗೆ ಒಂದು ಹಿತ್ತಾಳೆಯ ಫಲಕ. ಅದರ ಮೇಲೆ ತಯಾರಿಸಿದವರ ಗುರುತು, ಎಷ್ಟು ಜನ ಹತ್ತಬಹುದು ಅನ್ನೋ ಅಂಕಿ. ಬರ್ಕೊಳ್ಳೋಣ ಅಂತ ಸ್ಲೇಟು ತೆಗೆದೆ. ಮುಂದಿನ ಬದಿಯಲ್ಲಿ ಹಡಗಿನ ನಕ್ಷೆ ಬರೆದಿದ್ದೆ, ಜಾಗ ಇರಲಿಲ್ಲ. ಹಿಂಬದಿ ತಿರುಗಿಸಿದೆ. ಆ ಬದಿಯನ್ನ ನಾವು ಯಾರೂ ಬಳಸೋದೇ ಇಲ್ಲ. ಬರೆಯೋಕೆ ಶುರು ಮಾಡಿದರೆ ಪೆನ್ಸಿಲು ಎಲ್ಲೆಲ್ಲೋ ಜಾರಿ, ಸಣ್ಣ ಗುಂಡಿಗೆ ಬಿದ್ದ ಹಾಗೆ ತಡೀತಿತ್ತು.

ಬೆರಳಾಡಿಸಿ ನೋಡಿದೆ. ಪ್ಲಾಸ್ಟಿಕ್ಕಿನಲ್ಲಿ ಗೀರುಗಳಿದ್ದವು. ಸಾಲಾಗಿ ಇದ್ದವು.

ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿದರೆ ಚಿತ್ರ ಮೂಡುತ್ತಲ್ಲ, ಹಾಗೆ ಪೆನ್ಸಿಲನ್ನ ಓರೆ ಹಿಡಿದು ಸ್ಲೇಟಿನ ತುಂಬ ಉಜ್ಜಿದೆ. ಬೂದು ಬಣ್ಣದ ನಡುವೆ ಬೆಳ್ಳಗೆ ಅಕ್ಷರ ಎದ್ದು ಬಂದವು. ಒತ್ತಿ, ಒತ್ತಿ, ಸೀಮೆಸುಣ್ಣ ಮುರಿಯೋ ಹಾಗೆ ಬರೆದ ಅಕ್ಷರ.

"ಎದುರಿಗೆ ಹೇಳೋಕೆ ಹೋದರೆ ನೀನು ಮಧ್ಯದಲ್ಲೇ ಬಾಯಿ ಹಾಕ್ತೀಯ. ಅದಕ್ಕೇ ಇಲ್ಲಿ ಬರೀತಿದ್ದೀನಿ. ನೀರಿನ ಹೊರಗೂ ನನ್ನ ಜೋಡಿಯಾಗಿರ್ತೀಯಾ? ಜೀವನ ಪೂರ್ತಿ? ಇಷ್ಟ ಇಲ್ಲ ಅಂದರೆ ಇದನ್ನ ಅಳಿಸಿಬಿಡು. ನಾನು ಮತ್ತೆ ಕೇಳಲ್ಲ, ಬೇಜಾರೂ ಮಾಡ್ಕೊಳ್ಳಲ್ಲ."

ಮತ್ತೆ ಮೊದಲಿಂದ ಓದಿದೆ.

ನಮ್ಮ ಕ್ಲಬ್ಬಿನಲ್ಲಿ ಡೈವ್ ಮುಗಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಸ್ಲೇಟುಗಳನ್ನ ತೊಳೆಯೋದು ನನ್ನ ಪಾಲಿಗೆ. ನೀರಿನಲ್ಲಿ ಬರೆದ ಪೆನ್ಸಿಲು ಸುಮ್ಮನೆ ಹೋಗಲ್ಲ, ಟೂತ್‌ಪೇಸ್ಟ್ ಹಾಕಿ ಬ್ರಷ್ಷಿನಲ್ಲಿ ತಿಕ್ಕಬೇಕು. ಪೇಸ್ಟು ಡೆಂಟಿಸ್ಟರ ಕೊಡುಗೆ, ಅವರ ಹತ್ತಿರ ಸ್ಯಾಂಪಲ್ಲು ರಾಶಿ ಬಿದ್ದಿರುತ್ತೆ. ನಾನು ದೋಣಿಯ ಮೂಲೆಯಲ್ಲಿ ಬಕೆಟ್ ಇಟ್ಕೊಂಡು, ಬಾಯಿ ತುಂಬ ಹರಟೆ ಹೊಡೀತಾ, ಎರಡೂ ಬದಿ ಗಸಗಸ ಅಂತ ತಿಕ್ಕಿ ಹಾಕ್ತೀನಿ. ನೋಡೋದೂ ಇಲ್ಲ.

ಹೋದ ವರ್ಷವೂ ತಿಕ್ಕಿದ್ದೆ. ಆಮೇಲೆ, ಅಯ್ಯೋ ದೇವರೇ, ಆ ಸ್ಲೇಟನ್ನ ಅವನ ಮುಖದ ಮುಂದೆ ಹಿಡಿದು ಹಲ್ಲು ಕಿರಿದು "ನೋಡೋ, ಹೇಗೆ ಫಳಫಳ ಅಂತಿದೆ! ಒಂದು ಕಲೆ ಉಳಿದಿಲ್ಲ!" ಅಂದಿದ್ದೆ.

ಅವನ ಮುಖ ಬೆಳ್ಳಗಾಗಿತ್ತು. "ಸರಿ," ಅಂದಿದ್ದ. ಅಲೆಗೆ ಹೊಟ್ಟೆ ತೊಳಸ್ತಿರಬೇಕು ಅಂತ ನಾನು ನಿಂಬೆಹಣ್ಣು ಕೊಟ್ಟಿದ್ದೆ!

ತಕ್ಷಣ ಅವನನ್ನ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆದರೆ ತಡೆದುಕೊಂಡೆ. ಇಷ್ಟು ಆಳದಲ್ಲಿ ಗಾಳಿ ತಲೆಗೇರಿ ಸ್ವಲ್ಪ ಕುಡಿದವರ ಹಾಗೆ ಆಗುತ್ತೆ. ಒಂದು ಸಲ ನಮ್ಮ ಜೊತೆ ಇಳಿದಿದ್ದ ಭಾವ ಒಂದು ದೊಡ್ಡ ಮೀನಿನ ಪಕ್ಕ ನಿಂತು "ಇವರು ನಮ್ಮ ಸೋದರಮಾವ" ಅಂತ ಸ್ಲೇಟಿನಲ್ಲಿ ಬರೆದು ಅಕ್ಕನಿಗೆ ಪರಿಚಯ ಮಾಡಿಸಿದ್ದ. ಅವತ್ತಿನಿಂದ ಅಕ್ಕ ಒಂದು ನಿಯಮ ಮಾಡಿದ್ದಾಳೆ: ಆಳದಲ್ಲಿ ಏನೇ ಕಂಡರೂ, ಏನೇ ಅನ್ನಿಸಿದರೂ, ಆರು ಮೀಟರಿಗೆ ಬಂದು ಇನ್ನೊಂದು ಸಲ ನೋಡಿ ಆಮೇಲೆ ನಂಬಬೇಕು.

ಇದೂ ನನ್ನ ಸೋದರಮಾವನೇ ಆಗಿದ್ದರೆ? ಆಸೆಗೆ ಕಣ್ಣೇ ಸುಳ್ಳು ಅಕ್ಷರ ಕಟ್ಟಿಕೊಟ್ಟಿದ್ದರೆ?

ಮೇಷ್ಟ್ರು ಗಡಿಯಾರ ತಟ್ಟಿದ. ಹೊತ್ತಾಗಿತ್ತು. ಸ್ಲೇಟನ್ನ ಎದೆಗೆ ಅವುಚಿಕೊಂಡು ಹಗ್ಗ ಹಿಡಿದೆ. ಲಿಫ್ಟನ್ನ ತಿರುಗಿ ನೋಡಲೂ ಇಲ್ಲ.

*

ಜೀವನದಲ್ಲಿ ಇಷ್ಟು ನಿಧಾನವಾಗಿ ನಾನು ಎಂದೂ ಮೇಲೆ ಬಂದಿಲ್ಲ. ಮೂವತ್ತು. ಇಪ್ಪತ್ತು. ಹದಿನೈದು. ಬಣ್ಣಗಳು ಒಂದೊಂದಾಗಿ ವಾಪಸು ಬಂದವು. ತಲೆಯೂ ತಿಳಿಯಾಯ್ತು. ಆರು ಮೀಟರಿನಲ್ಲಿ ಹಗ್ಗ ಹಿಡಿದು, ಕಣ್ಣು ಮುಚ್ಚಿ, ತೆರೆದು, ಸ್ಲೇಟು ನೋಡಿದೆ.

ಇತ್ತು. ಅಕ್ಷರ ಅಕ್ಷರವೂ ಇತ್ತು.

ಉತ್ತರ ಬರೆಯೋಣ ಅಂತ ಪೆನ್ಸಿಲು ಹಿಡಿದರೆ, ಉಜ್ಜಿ ಉಜ್ಜಿ ಮೊನೆಯೇ ಮುರಿದು ಹೋಗಿತ್ತು. ಅವನ ಹತ್ತಿರ ಸ್ಲೇಟೂ ಇಲ್ಲ, ಪೆನ್ಸಿಲೂ ಇಲ್ಲ. ಮೇಲೆ ಹೋಗಿ ಹೇಳೋಣ ಅಂದ್ರೆ, ಇನ್ನೂ ಹನ್ನೊಂದು ನಿಮಿಷ. ಒಂದು ವರ್ಷ ಕಾದ ನನಗೆ ಹನ್ನೊಂದು ನಿಮಿಷ ತಡೆಯೋಕೆ ಆಗಲಿಲ್ಲ ನೋಡಿ!

ಸ್ಲೇಟನ್ನ ಅವನ ಮುಖದ ಮುಂದೆ ಹಿಡಿದೆ.

ಓದಿದ. ಅವನ ಕಣ್ಣು ಮೊದಲು ಅಗಲವಾಯ್ತು, ಆಮೇಲೆ ಕೆಳಗಿಳೀತು. ಮುಖ ಆ ಕಡೆ ತಿರುಗಿಸಿಬಿಟ್ಟ. ಹಳೇ ಗಾಯವನ್ನ ಕೆದಕಿ ತಮಾಷೆ ಮಾಡ್ತಿದ್ದಾಳೆ ಅಂದುಕೊಂಡ, ಮೂರ್ಖ!

ಭುಜ ಹಿಡಿದು ತಿರುಗಿಸಿದೆ. ನನಗೆ ಬರೋದು ಒಂದೇ, ನಾಟಕ. ಒಂದು ಕೈಯಲ್ಲಿ ಸ್ಲೇಟು ಹಿಡಿದು, ಇನ್ನೊಂದು ಕೈಯಲ್ಲಿ ಇಲ್ಲದ ಪೇಸ್ಟು ಹಿಂಡಿದೆ. ಇಲ್ಲದ ಬ್ರಷ್ಷಿನಲ್ಲಿ ಗಸಗಸ ತಿಕ್ಕಿದೆ. ತಿಕ್ಕುವಾಗ ಆ ಕಡೆ ಈ ಕಡೆ ತಿರುಗಿ, ಬೆರಳುಗಳನ್ನ ಬಾಯಿಯ ಹಾಗೆ ಬಡಿದು ಹರಟೆ ಹೊಡೆದೆ. ಸ್ಲೇಟಿನ ಕಡೆ ತೋರಿಸಿ, ಕಣ್ಣಿನ ಕಡೆ ತೋರಿಸಿ, ಇಲ್ಲ ಇಲ್ಲ ಅಂತ ತಲೆ ಆಡಿಸಿದೆ. ನೋಡಲಿಲ್ಲ ಕಣೋ, ನೋಡಲೇ ಇಲ್ಲ! ಕೊನೆಗೆ ಹಣೆಗೆ ರಪ್ಪಂತ ಹೊಡ್ಕೊಂಡೆ. ಆ ಏಟಿಗೆ ಮಾಸ್ಕಿನೊಳಗೆ ನೀರು ನುಗ್ಗಿತು.

ಕೆಳಗೆ ಹಗ್ಗದಲ್ಲಿ ನೇತಾಡ್ತಿದ್ದ ಅಕ್ಕ ಗಾಬರಿಯಾಗಿ 'ಸರಿಯಿದ್ದೀಯಾ?' ಅಂತ ಸನ್ನೆ ಮಾಡಿದಳು. ಡೆಂಟಿಸ್ಟರಿಬ್ಬರೂ ಕಣ್ಣು ಬಿಟ್ಕೊಂಡು ನೋಡ್ತಿದ್ದರು. ನಾನು ಅವರಿಗೆಲ್ಲ ಸುಮ್ಮನಿರಿ ಅಂತ ಕೈ ಬೀಸಿ, ಮೂಗಿನಿಂದ ಊದಿ ಮಾಸ್ಕಿನ ನೀರು ಹೊರಗೆ ಹಾಕಿದೆ. ಅದರಲ್ಲಿ ಸಮುದ್ರದ ನೀರೆಷ್ಟು, ನನ್ನ ಕಣ್ಣೀರೆಷ್ಟು, ನನಗೇ ಗೊತ್ತಿಲ್ಲ.

ನೋಟ ತಿಳಿಯಾದಾಗ ಮೇಷ್ಟ್ರ ನಳಿಕೆಯಿಂದ ಒಂದು ಗುಳ್ಳೆಯೂ ಬರ್ತಿರಲಿಲ್ಲ. ನೀರೊಳಗೆ ಉಸಿರು ಹಿಡಿಯಬಾರದು, ಅದು ಎಲ್ಲರಿಗೂ ಮೊದಲನೇ ಪಾಠ. ಆ ಪಾಠ ಹೊಸಬರಿಗೆ ಹೇಳಿಕೊಡೋದೇ ಇವನು. ಉಸಿರಾಡೋ ಅಂತ ಅವನ ಎದೆಗೆ ಬೆರಳಲ್ಲಿ ತಿವಿದೆ. ಗುಳುಗುಳು ಅಂತ ಒಂದು ರಾಶಿ ಗುಳ್ಳೆ ಹೊರಗೆ ಬಂತು.

ಆಗ ನಾನು ಆ ಸಾಲಿನ ಮೇಲೆ, 'ಜೀವನ ಪೂರ್ತಿ?' ಅಂತಿದ್ದಲ್ಲಿ, ಬೆರಳಿಟ್ಟೆ. ಅವನ ಕಣ್ಣನ್ನೇ ನೋಡ್ತಾ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿದೆ.

ಅವನೂ ಕೈ ಎತ್ತಿ ಸೊನ್ನೆ ಮಾಡಿ, ಹುಬ್ಬೇರಿಸಿದ. ಸರಿಯಾ?

ಸರಿ, ಅಂತ ತೋರಿಸಿದೆ.

ಮತ್ತೆ ಕೇಳಿದ. ಮತ್ತೆ ತೋರಿಸಿದೆ.

ಮೂರನೇ ಸಲ ಕೇಳಿದಾಗ ನನಗೆ ಎಷ್ಟು ನಗು ಬಂತು ಅಂದ್ರೆ, ನಳಿಕೆ ಬಾಯಿಂದ ಜಾರಿ ಹೋಗೋದರಲ್ಲಿತ್ತು. ಅವನ ಆ ಕೈಯನ್ನೇ ಹಿಡಿದು, ಬೆರಳು ಬಿಡಿಸಿ, ನನ್ನ ಬೆರಳು ಸೇರಿಸಿದೆ. ಉಳಿದ ನಿಮಿಷಗಳು ಹೇಗೆ ಹೋದವೋ ಇಬ್ಬರಿಗೂ ತಿಳಿಯಲಿಲ್ಲ. ಅಕ್ಕ ಬಂದು ಕಾಲು ಎಳೆದ ಮೇಲೇ ಎಚ್ಚರ.

*

ದೋಣಿಯ ಪಕ್ಕ ತಲೆ ಎತ್ತಿದವನೇ ನಳಿಕೆ ಉಗುಳಿ ಮೇಷ್ಟ್ರು ಕೂಗಿದ: "ಏಯ್ ಹುಚ್ಚೀ, ನೀನು ಅದನ್ನ ಓದೇ ಇರಲಿಲ್ವೇನೇ?"

ನೀನು! ಅಂತೂ ಬಂತು.

"ಹಿಂದೆ ಬರೆದಿದ್ದೀನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತೋ ನಿನಗೆ? ಬೀಗ ಮೂರು ಸಲ ನೋಡ್ತೀಯ, ಪಟ್ಟಿ ಮೂರು ಸಲ ಎಳೀತೀಯ. ಇದೊಂದನ್ನ ಎರಡನೇ ಸಲ ಕೇಳೋಕೆ ಆಗಲಿಲ್ವಾ?"

ಅವನು ಏಣಿ ಹಿಡ್ಕೊಂಡ. ನಾನು ಮೊದಲನೇ ಸಲ ಮಧ್ಯೆ ಬಾಯಿ ಹಾಕದೆ ಕಾದೆ.

"ಭಯ ಆಯ್ತು," ಅಂದ. "ಒಂದು ಸಲ 'ಬೇಡ' ಅಂದದ್ದನ್ನೇ ತಡ್ಕೊಳ್ಳೋಕೆ ಆಗಿರಲಿಲ್ಲ. ಎರಡನೇ ಸಲಾನೂ ನೀನು ಹಾಗೆ ನಕ್ಕೊಂಡು ಬೇಡ ಅಂದುಬಿಟ್ಟಿದ್ರೆ?"

"ನಾನು ಯಾವತ್ತೂ ಬೇಡ ಅಂದೇ ಇರಲಿಲ್ಲ ಕಣೋ," ಅಂದೆ. "ನೀನು ಕೇಳೋದಕ್ಕಿಂತ ಮೊದಲಿಂದಲೂ ಹೂಂ ಅಂತಲೇ ಇದ್ದೆ."

ಮೇಲೆ ಬಂದು ಕೂತೆವು. ಭಾವ ಬಿಸಿ ಚಹಾ ಕೊಟ್ಟ. ಅಕ್ಕ ಸ್ಲೇಟು ಕಿತ್ಕೊಂಡು ಗಟ್ಟಿಯಾಗಿ ಎಲ್ಲರಿಗೂ ಓದಿ ಹೇಳಿದಳು, ನಾಚಿಕೆ ಮಾನ ಒಂದೂ ಉಳಿಸಲಿಲ್ಲ. ಡೆಂಟಿಸ್ಟ್ ಹೆಂಡತಿ ಗಂಡನ ಕಡೆ ತಿರುಗಿ, "ನಮ್ಮ ಪೇಸ್ಟು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ನಮಗೇ ಗೊತ್ತಿರಲಿಲ್ಲ ಅಲ್ವೇನ್ರೀ?" ಅಂದಳು.

"ಹಾಗಾದ್ರೆ ಸೋಮವಾರ?" ಅಂತ ಕೇಳಿದೆ.

"ಸೋಮವಾರ ಪತ್ರ ವಾಪಸ್ ಕೊಡ್ತೀನಿ. ಸಂಜೆ ನಿಮ್ಮಮ್ಮನನ್ನ ನೋಡೋಕೆ ಬರ್ತೀನಿ." ಚಹಾ ಲೋಟ ಕೆಳಗಿಟ್ಟು, ನನ್ನ ಕಡೆ ಬಾಗಿ, ಯಾರಿಗೂ ಕೇಳಿಸದ ಹಾಗೆ, "ನಿಜ ತಾನೇ?" ಅಂದ.

"ನಿಜ."

"ನಿಜವಾಗ್ಲೂ?"

"ನಿಜವಾಗ್ಲೂ ಕಣೋ. ಮೂರನೇ ಸಲ ಕೇಳಿದ್ರೆ ನೋಡು, ಬ್ರಷ್ ತಗೋತೀನಿ."

ಅವನು ಕೇಳಿಯೇಬಿಟ್ಟ. ನಾನು ಮತ್ತೆ ಹೂಂ ಅಂದೆ.

ದೋಣಿ ದಡದ ಕಡೆ ತಿರುಗಿದಾಗ ಅಕ್ಕ ಬಕೆಟ್ಟು, ಪೇಸ್ಟು, ಬ್ರಷ್ಷು ತಂದು ನನ್ನ ಮುಂದೆ ಇಟ್ಟಳು. ಪ್ರೀತಿ ಗೀತಿ ಎಲ್ಲ ಸರಿ, ಕೆಲಸ ಯಾರು ಮಾಡ್ತಾರೆ ಅಂದಳು. ಅಕ್ಕನದೊಂದು, ಡೆಂಟಿಸ್ಟರದು ಎರಡು. ಆವತ್ತು ಎರಡೂ ಬದಿ ತಿರುಗಿಸಿ ನೋಡಿ, ಮೂರೇ ಸ್ಲೇಟು ತೊಳೆದೆ.